ಮೂರನೆಯ ದಶಮಾಂಶ

ಮನಾಮಾದಲ್ಲಿ ದುಡ್ಡಿಗೆ ಚುಕ್ಕಿಯ ಆಚೆ ಮೂರು ಅಂಕಿ.
ಸಾವಿರ ಫಿಲ್ಸ್ ಸೇರಿದರೆ ಒಂದು ದಿನಾರ್.
ಮುಂಬಯಿಯಿಂದ ಬಂದ ಲೀಗಿನ ಲೆಕ್ಕದ ತಂತ್ರಾಂಶಕ್ಕೆ
ಎರಡೇ ಅಂಕಿ ಗೊತ್ತು.
ಹಾಗಾಗಿ ನಾನು ಬರೆದ ಪ್ರತಿ ಸಾಲಿನ ಕೊನೆಯಲ್ಲೂ
ಒಂದು ಚೂರು ಉದುರುತ್ತಿತ್ತು,
ಬಳೆಯಂಗಡಿಯ ನೆಲದ ಗಾಜಿನ ಹಾಗೆ.
ಬರಿಗಾಲಲ್ಲಿ ನಡೆಯುವವರಿಗೆ ಮಾತ್ರ ಅದು ಗೊತ್ತಾಗುತ್ತದೆ.

ಕಬಡ್ಡಿ ಕಡಲು ದಾಟಿದ್ದು ಹೀಗೆ:
ಎಂಟು ತಂಡ, ಒಂಬತ್ತು ದಿನ,
ಹಡಗಿನಲ್ಲಿ ಬಂದ ನೀಲಿ ಮ್ಯಾಟು.
ಬಂದರಿನ ಅಧಿಕಾರಿ ಕೇಳಿದ: ಇದೇನು,
ಹಾಸಿಗೆಯೋ, ಕಟ್ಟಡದ ಸಾಮಾನೋ?
ಹಾಸಿಗೆಗೆ ಒಂದು ಸುಂಕ, ಸಾಮಾನಿಗೆ ಇನ್ನೊಂದು.
ಮಣ್ಣಿನಲ್ಲಿ ಆಡುವಾಗ ಈ ಪ್ರಶ್ನೆ ಯಾರೂ ಕೇಳಿರಲಿಲ್ಲ.

ಪಾರಿಖ್ ಸಾಹೇಬರು ಗೋಡೆಗೆ ಬೆಳಕು ಬಿಟ್ಟು ತೋರಿಸಿದರು:
ಈ ದ್ವೀಪದಲ್ಲಿ ನಮ್ಮವರು ಮೂರು ಲಕ್ಷ,
ನೂರಕ್ಕೆ ಇಬ್ಬರು ಬಂದರೆ ಅಂಗಣ ಭರ್ತಿ.
ಆ ಮೂರು ಲಕ್ಷದಲ್ಲಿ ನಾನೂ ಒಬ್ಬಳು.
ಟಿಕೆಟ್ಟಿಗೆ ನಾಲ್ಕು ದಿನಾರ್ ಎಂದಾಗ
ಒಳಗೊಳಗೇ ರೂಪಾಯಿಗೆ ತಿರುಗಿಸಿ ಸುಮ್ಮನಾದೆ.

ಆಟ ಸಂಜೆ ಐದಕ್ಕೆ.
ಊರಲ್ಲಿ ಆಗ ಏಳೂವರೆ, ಊಟಕ್ಕೆ ಮುಂಚಿನ ಟೀವಿಯ ಹೊತ್ತು,
ಜಾಹೀರಾತಿನ ಸೆಕೆಂಡನ್ನು ಚಿನ್ನದಂತೆ ತೂಗುವ ಹೊತ್ತು.
ಇಲ್ಲಿ ಐದಕ್ಕೆ ಆಫೀಸಿನವರು ಸಿಗ್ನಲ್ಲಿನಲ್ಲಿ,
ಕೂಲಿಯವರು ಸಾರುವೆಯ ಮೇಲೆ.
ಮೊದಲ ದಿನ ಮಾರಿದ್ದು ಆರುನೂರ ನಲವತ್ತು ಟಿಕೆಟ್ಟು.
ಖಾಲಿ ಕುರ್ಚಿಯ ಮುಂದೆ ಸಿಮೆಂಟಿನ ಜಾಹೀರಾತು
ಸಿಮೆಂಟಿನಂತೆಯೇ ಕಂಡಿತು.

ಶುಕ್ರವಾರ ಸಲ್ಮಾಬಾದಿನ ಕ್ಯಾಂಪುಗಳಿಗೆ ಹದಿನಾಲ್ಕು ಬಸ್ಸು ಹೋದವು.
ತಲೆಗೊಂದು ಬಿರಿಯಾನಿ ಪೊಟ್ಟಣ, ನೀರು, ಕಿತ್ತಳೆ ಬಣ್ಣದ ಟೀ ಶರ್ಟು.
ಕೂರಬೇಕಾದದ್ದು ಕ್ಯಾಮೆರಾದ ಎದುರು.
ಅದರ ಬೆನ್ನ ಹಿಂದಿನ ಕುರ್ಚಿಗಳಿಗೆ ಕಪ್ಪು ಬಟ್ಟೆ.
ಟೀವಿಯಲ್ಲಿ ಸಮುದ್ರ ಉಕ್ಕಿದ ಹಾಗಿತ್ತಂತೆ.
ನನ್ನ ಮುಂದೆ ಬಿಲ್ಲು:
ಪೊಟ್ಟಣಕ್ಕೆ ಒಂಬೈನೂರ ಎಪ್ಪತ್ತೈದು ಫಿಲ್ಸ್.
ಪ್ರೇಕ್ಷಕರನ್ನು ಎಲ್ಲಿ ಬರೆಯಲಿ,
ಬಂದದ್ದರಲ್ಲೋ, ಹೋದದ್ದರಲ್ಲೋ?
ಪಾರಿಖರು ಫೋನಿನಿಂದ ಕಣ್ಣೆತ್ತದೆ ಹೇಳಿದರು:
'ವಾತಾವರಣ ನಿರ್ಮಾಣ' ಅಂತ ಹಾಕಿ,
ದೀಪ, ಹೊಗೆ, ಡೋಲಿನ ಜೊತೆ.

ಹಾಗೆ ಹೊಗೆಗೂ ಡೋಲಿಗೂ ನಡುವೆ ಬಂದು ಕೂತವ ಹುಲಿಗೆಪ್ಪ,
ಕೊಪ್ಪಳದ ಕಡೆಯವ, ಹನ್ನೊಂದು ವರ್ಷದಿಂದ ಸಾರುವೆ ಕಟ್ಟುವವ.
ಪಟ್ಟಿಗೆ ಹೆಸರು ಬರೆಸುವಾಗ ನನ್ನ ಕನ್ನಡ ಕೇಳಿ ಅಲ್ಲೇ ನಿಂತ.
"ಅಕ್ಕಾರ, ನಾನೂ ಆಡೀನ್ರಿ. ಎಡಗಡಿ ಮೂಲಿ.
ಕಾಲ ಹಿಡದ್ರ ಬಿಡತಿದ್ದಿಲ್ಲ."
ಬಗ್ಗಿ ಮ್ಯಾಟು ಮುಟ್ಟಿದ, ಸೀರೆಯ ನೂಲು ನೋಡುವವರ ಹಾಗೆ.
"ಇದರಾಗ ಮೊಣಕಾಲ ಕೆತ್ತಂಗಿಲ್ಲ ಬಿಡ್ರಿ."
ಹೊಗಳಿದನೋ ತೆಗಳಿದನೋ ತಿಳಿಯಲಿಲ್ಲ.
ರೈಡರನ ಬೆಲೆ ಎಷ್ಟೆಂದು ಕೇಳಿದ. ಹೇಳಿದೆ.
ಬೆರಳು ಮಡಿಸುತ್ತ ಹೋಗಿ, ನಡುವೆ ಕೈ ಬಿಟ್ಟು ನಕ್ಕ:
"ಒಮ್ಮಿ ಉಸಿರು ಹಿಡದು ಹೋಗಿ ಬರಾಕ ಇಷ್ಟೇನ್ರಿ?
ನಾವು ಬಂದು ಹನ್ನೊಂದು ವರ್ಷ ಆತು."

ಆ ಸಂಜೆಯ ಎರಡನೆಯ ಆಟ ಸಮಸಮ.
ಏಳಕ್ಕೆ ಸರಿಯಾಗಿ ಹೊರಗೆ ಬಸ್ಸುಗಳು ಹಾರ್ನ್ ಹೊಡೆದವು.
ಕರಾರು ಏಳರ ತನಕ; ಮೀರಿದರೆ
ಬಸ್ಸಿಗೆ ಹನ್ನೆರಡು ದಿನಾರ್ ಹೆಚ್ಚು.
ಸಹಿ ಹಾಕಿದವಳು ನಾನೇ.
ಎರಡು ನಿಮಿಷ ಬಾಕಿ. ಕಿತ್ತಳೆ ಬಣ್ಣದ ಇಡೀ ಬದಿ ಎದ್ದಿತು.
ವೀಕ್ಷಕ ವಿವರಣೆಯವ ಕೂಗಿದನಂತೆ:
ನೋಡಿ, ತಡೆಯಲಾರದೆ ಎದ್ದು ನಿಂತಿದೆ ಬಹ್ರೇನ್!
ಅವರು ಹಿಂದುಹಿಂದಕ್ಕೆ ಮೆಟ್ಟಿಲು ಹತ್ತುತ್ತ,
ಒಬ್ಬರ ಹೆಗಲು ಒಬ್ಬರು ಹಿಡಿದು,
ಆಟಕ್ಕೆ ನೆಟ್ಟ ಕಣ್ಣು ಕೀಳದೆ ಹೊರಗೆ ಹೋದರು.
ಕ್ಯಾಮೆರಾ ಅಷ್ಟರಲ್ಲಿ ಆಟಗಾರನ ಮುಖಕ್ಕೆ ಇಳಿದಿತ್ತು.

ಮರುದಿನ ನಸುಕಿಗೆ ಫೋನು.
ಹಿಂದೆ ಕಬ್ಬಿಣದ ಕೊಳವೆಗಳ ಸದ್ದು.
"ಅಕ್ಕಾರ, ಗೆದ್ದೋರ್ಯಾರು ಅಂತ ಮೊಬೈಲಿನ್ಯಾಗ ಐತಿ.
ಹೆಂಗ ಗೆದ್ರು ಅನ್ನೂದಿಲ್ಲ. ನೀವು ಅಲ್ಲೇ ಇದ್ರೆಲ್ಲ?"

ಅಲ್ಲೇ ಇದ್ದೆ, ಕೊನೆಯ ಸೀಟಿಯ ತನಕ,
ಮೆಟ್ಟಿಲ ಕೆಳಗೆ, ಉಳಿದ ಪೊಟ್ಟಣ ಎಣಿಸುತ್ತ.
ಎಂಬತ್ತಮೂರು.

ಇಪ್ಪತ್ತು ವರ್ಷದಲ್ಲಿ ರಸೀದಿಯಿಲ್ಲದೆ
ಒಂದು ಸಾಲನ್ನೂ ಬರೆದವಳಲ್ಲ ನಾನು.
ಎಡಗಡೆ ಮೂಲೆಯವ, ಎಂದೆ, ಕಾಲು ಹಿಡಿದ.
ಬಿಡಲಿಲ್ಲ.